ಇಟಲಿಯ ಕವೆಗೋಲು

ಕವೆಗೋಲಿಲ್ಲದೆ ಮುದ್ದೆ ಮಾಡುತ್ತೇನೆ ಅನ್ನುವವರ ಮಾತನ್ನು ನಾನು ನಂಬುವುದಿಲ್ಲ. ಈಗಿನವರು ಕುಕ್ಕರಿನಲ್ಲಿ ಹಿಟ್ಟು ಬೇಯಿಸಿ, ಬಟ್ಟಲಿಗೆ ಹಾಕಿ ಅಲ್ಲಾಡಿಸಿ ಉಂಡೆ ಎಬ್ಬಿಸುತ್ತಾರೆ. ನಮ್ಮ ಸೊಸೆ ಭಾಗ್ಯಳೂ ಹಾಗೇ ಮಾಡುವವಳು. ಉಣ್ಣುತ್ತೇನೆ, ಬೇಡ ಅನ್ನುವುದಿಲ್ಲ. ಆದರೆ ಮುದ್ದೆ ಅನ್ನಿಸಿಕೊಳ್ಳಬೇಕಾದರೆ, ಹಿಟ್ಟು ಬೆಂದ ಪಾತ್ರೆಯನ್ನು ನೆಲಕ್ಕಿಳಿಸಿ, ಅದರ ಕುತ್ತಿಗೆಗೆ ಕವೆಗೋಲು ತೊಡಿಸಿ, ಕವೆಯ ಎರಡು ತುದಿಯನ್ನು ಎರಡು ಪಾದದಡಿ ಮೆಟ್ಟಿಕೊಂಡು, ಪಾತ್ರೆ ಅಲುಗದ ಹಾಗೆ ಹಿಡಿದು, ಕೋಲು ಹಾಕಿ ಗಂಟಿಲ್ಲದಂತೆ ತೊಳಸಬೇಕು. ಆಗ ಹಿಟ್ಟಿಗೆ ಭಯ ಬರುತ್ತದೆ. ಭಯಬಿದ್ದ ಹಿಟ್ಟೇ ನುಣ್ಣಗಾಗುವುದು.

ಎಲ್ಲರ ಮನೆಯ ಕವೆಗೋಲೂ ಮರದ್ದು. ನನ್ನದೊಂದೇ ಕಬ್ಬಿಣದ್ದು. ನಲವತ್ತೇಳು ವರ್ಷದ ಹಿಂದೆ ನಮ್ಮ ಯಜಮಾನರು ಗೋಣಿತಾಟಿನಲ್ಲಿ ಸುತ್ತಿ ತಂದುಕೊಟ್ಟರು. ಒಂದು ಅಡ್ಡ ಕೊಳವೆ, ಅದರಿಂದ ಇಳಿದ ಎರಡು ಗಟ್ಟಿ ಕಾಲು, ಕಾಲಿನ ತುದಿಯಲ್ಲಿ ಪಾದ ಊರಲು ಹೇಳಿ ಮಾಡಿಸಿದ ಹಾಗೆ ಬಾಗಿದ ಎರಡು ಪಟ್ಟಿ. ಹಲಗೂರಿನಲ್ಲಿ ಒಬ್ಬ ಕಮ್ಮಾರ ಇದ್ದಾನೆ, ಅವನ ಹತ್ತಿರ ನಿನಗೆ ಅಂತಲೇ ಮಾಡಿಸಿದೆ ಅಂದರು. ನಾನು ಉಬ್ಬಿಹೋದೆ. ನಮ್ಮ ಬೀದಿಯ ಹೆಂಗಸರೆಲ್ಲ ಬಂದು ನೋಡಿಕೊಂಡು ಹೋದರು. ಇಬ್ಬರಂತೂ ತಮಗೂ ಒಂದೊಂದು ಬೇಕೆಂದು ಮಳವಳ್ಳಿಯಿಂದ ಬಸ್ಸು ಹತ್ತಿ ಹಲಗೂರಿಗೆ ಹೋಗಿ, ಸಂಜೆಯವರೆಗೆ ಸುತ್ತಿ, ಅಂಥ ಕಮ್ಮಾರ ಯಾರೂ ಇಲ್ಲವಲ್ಲ ತಾಯಿ ಅಂತ ಸಪ್ಪೆ ಮೋರೆ ಹಾಕಿಕೊಂಡು ಬಂದರು. ನೀವು ಸರಿಯಾಗಿ ಹುಡುಕಿಲ್ಲ ಅಂತ ನಾನು ಅವರಿಗೇ ಬೈದು ಕಳಿಸಿದೆ. ಅವರಲ್ಲಿ ಒಬ್ಬಳು ಈಗಲೂ ಇದ್ದಾಳೆ. ಅವಳ ಮನೆಗೆ ಹೋಗಿ ತಪ್ಪಾಯಿತು ಅನ್ನಬೇಕು, ಇನ್ನೂ ಹೋಗಿಲ್ಲ.

ಈ ಕವೆಗೋಲಿನಿಂದ ನನಗೆ ಆದ ಗಾಬರಿ ಇದೆಯಲ್ಲ, ಅದು ಇನ್ನೂ ಪೂರ್ತಿ ಇಳಿದಿಲ್ಲ. ಗಾಬರಿಯ ಜೊತೆಗೇ ಸಂತೋಷವೂ ಸೇರಿಕೊಂಡು, ಯಾವುದು ಯಾವುದು ಅಂತ ಬಿಡಿಸಲಾರದೆ ಕೂತಿದ್ದೇನೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಬೇರೆಯವರಾದರೆ ಚೆಂದಾಗಿ ಬಿಡಿಸಿ ಹೇಳುತ್ತಿದ್ದರೇನೋ.

ನನ್ನ ಮೊಮ್ಮಗಳು ಸಿಂಚನಾ ಮಂಡ್ಯದ ಗುತ್ತಲಿನಲ್ಲಿ ಒಂದು ಶೆಡ್ಡು ಇಟ್ಟುಕೊಂಡಿದ್ದಾಳೆ. ಹಳೇ ಮೋಟಾರ್ ಸೈಕಲ್ಲುಗಳನ್ನು ಮೊದಲು ಇದ್ದ ಹಾಗೆಯೇ ಮಾಡಿಕೊಡುವುದು ಅವಳ ಕೆಲಸ. ಡಿಪ್ಲೊಮಾ ಮಾಡಿದ ಹುಡುಗಿ ಯಾವುದಾದರೂ ಆಫೀಸಿಗೆ ಹೋಗಿ ಫ್ಯಾನಿನ ಕೆಳಗೆ ಕೂರಬಾರದೇ ಅಂತ ಅವಳಮ್ಮ ಭಾಗ್ಯ ಗೊಣಗುತ್ತಾಳೆ. ನಾನು ಗೊಣಗುವುದಿಲ್ಲ. ಅವಳು ಕೆಲಸ ಮಾಡುವುದನ್ನು ಒಂದು ದಿನ ಹೋಗಿ ನೋಡಿದ್ದೇನೆ. ಬಿಚ್ಚಿದ ಒಂದೊಂದು ತಿರುಪನ್ನೂ ಸಣ್ಣ ಡಬ್ಬಿಗೆ ಹಾಕಿ ಚೀಟಿ ಅಂಟಿಸುತ್ತಾಳೆ. ಇದು ಯಾವ ಗಾಡಿಯದು, ಯಾವ ಜಾಗದ್ದು ಅಂತ ಗೊತ್ತಾಗದ ಭಾಗ ಬಂದರೆ, ಅದರ ಮೇಲಿನ ಕೊಳೆಯನ್ನು ಮೆತ್ತನೆ ಬಟ್ಟೆಯಲ್ಲಿ ಉಜ್ಜಿ, ಅಚ್ಚೊತ್ತಿದ ಅಂಕಿ ಓದಿ, ಫೋನಿನಲ್ಲಿರುವ ಹಳೇ ಪುಸ್ತಕದ ಚಿತ್ರಕ್ಕೆ ಹೋಲಿಸಿ ನೋಡುತ್ತಾಳೆ. ಆ ಪುಸ್ತಕದಲ್ಲಿ ಗಾಡಿಯನ್ನು ಪೂರ್ತಿ ಬಿಚ್ಚಿ ಗಾಳಿಯಲ್ಲಿ ತೇಲಿಬಿಟ್ಟ ಹಾಗೆ ಬರೆದಿರುತ್ತಾರೆ. ಒಂದೊಂದಕ್ಕೂ ಒಂದೊಂದು ನಂಬರು. ಅಕ್ಕಿಯಲ್ಲಿ ಕಲ್ಲು ಆರಿಸುವಾಗ ನಾವು ಹೇಗೆ ಕೂರುತ್ತೇವೋ ಹಾಗೇ ಕೂರುತ್ತಾಳೆ, ಮಾತಿಲ್ಲ ಕತೆಯಿಲ್ಲ.

ಅವಳು ಒಂದು ಭಾನುವಾರ ಮಳವಳ್ಳಿಗೆ ಬಂದಳು. ಮೋರೆಯಲ್ಲಿ ಏನೋ ಇತ್ತು. ಹೇಳಲು ಬಂದಿದ್ದಾಳೆ, ಬಾಯಿಗೆ ಬರುತ್ತಿಲ್ಲ ಅಂತ ನನಗೆ ತಿಳಿಯಿತು. ಮದುವೆ ವಿಷಯ ಇರಬಹುದೆಂದುಕೊಂಡು, ಮೊದಲು ಉಣ್ಣಲಿ ಅಂತ ಹಿಟ್ಟಿಗಿಟ್ಟೆ. ಅಡಿಗೆಮನೆಯ ಹೊಸಿಲ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದಳು. ಪಾತ್ರೆ ಇಳಿಸಿದೆ, ಕವೆಗೋಲು ತೊಡಿಸಿದೆ, ಮೆಟ್ಟಿದೆ, ತೊಳಸಿದೆ. ಚಿಕ್ಕಂದಿನಿಂದ ಸಾವಿರ ಸಲ ನೋಡಿದವಳು ಅವತ್ತು ಮಾತ್ರ ಎದ್ದು ಬಂದು ನೆಲದ ಮೇಲೆ ಕೈಯೂರಿ ಬಗ್ಗಿ ನೋಡಿದಳು. ಮುದ್ದೆ ಕಟ್ಟಿ ಆದ ಮೇಲೆ ಕವೆಗೋಲನ್ನು ಕೈಗೆ ತೆಗೆದುಕೊಂಡು ತಿರುಗಿಸಿದಳು. ಸೆರಗಿನಿಂದ ಮಸಿ ಒರೆಸು ಅಂದಳು. ಒರೆಸಿದೆ. ಜೇಬಿನಿಂದ ಅಳತೆಯ ಕಡ್ಡಿ ತೆಗೆದು ಅಡ್ಡ ಕೊಳವೆಯ ತೂತು ಅಳೆದಳು.

"ಅಜ್ಜಿ, ಇದ್ನ ಯಾರು ಕೊಟ್ಟಿದ್ದು ನಿಂಗೆ?"

"ನಿಮ್ ತಾತ ಕಣ್ ಮಗ. ಅಲಗೂರಿನ ಕಮ್ಮಾರನ ತಾವ ಮಾಡ್ಸಿದ್ದು."

"ಕಮ್ಮಾರ ಮಾಡಿದ್ದಲ್ಲ ಕಣಜ್ಜಿ ಇದು. ಸ್ಟ್ಯಾಂಡು. ಇಟಲಿ ಗಾಡಿ ನಿಲ್ಸೋ ಸ್ಟ್ಯಾಂಡು. ಮೂರು ತಿಂಗಳಿಂದ ಇದ್ನೇ ಹುಡುಕ್ತಾ ಇದೀನಿ ನಾನು."

ನಾನು ಮುದ್ದೆ ತಟ್ಟೆಗೆ ಹಾಕಲು ಹೋಗಿ ನೆಲಕ್ಕೆ ಹಾಕಿದೆ.

ಅವಳು ಹೇಳಲು ಬಂದಿದ್ದ ವಿಷಯ ಆಮೇಲೆ ಹೊರಬಿತ್ತು. ಮದ್ದೂರಿನಲ್ಲಿ ಬಾಷಾ ಸಾಬರು ಅಂತ ನಮ್ಮ ಯಜಮಾನರ ಗೆಳೆಯರಿದ್ದಾರೆ. ಇಬ್ಬರೂ ಒಂದೇ ಶೆಡ್ಡಿನಲ್ಲಿ ಸ್ಪ್ಯಾನರು ಹಿಡಿದು ಕೆಲಸ ಕಲಿತವರು. ಆಮೇಲೆ ಇವರು ಮಳವಳ್ಳಿಯಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟರು, ಅವರು ಮದ್ದೂರಿನಲ್ಲೇ ಉಳಿದರು. ಈಗ ಬಾಷಾ ಸಾಬರಿಗೆ ಕಣ್ಣು ಮಂಜು, ಶೆಡ್ಡು ಮುಚ್ಚಿ ಮೈಸೂರಿಗೆ ಮಗಳ ಮನೆಗೆ ಹೊರಟಿದ್ದಾರೆ. ಹೊರಡುವ ಮೊದಲು ಸಿಂಚನಾಳನ್ನು ಕರೆಸಿ, ಟಾರ್ಪಾಲು ಸರಿಸಿ, ಒಂದು ಕೆಂಪು ಮೋಟಾರ್ ಸೈಕಲ್ಲಿನ ಅಸ್ಥಿಪಂಜರ ತೋರಿಸಿದರಂತೆ. ಚೌಕಟ್ಟು, ಇಂಜಿನ್ನು, ಟ್ಯಾಂಕು, ಚಕ್ರ. ಇದು ನಿಮ್ಮ ತಾತನದು, ತಗೊಂಡು ಹೋಗು ಮಗಳೇ, ಹೋಗುವ ಮೊದಲು ಒಂದು ಸಲ ಇದರ ಸದ್ದು ಕೇಳಿಸು ಅಂದರಂತೆ. ನಾನು ನೊಂದುಕೊಳ್ಳಬಹುದೆಂದು ಮೂರು ತಿಂಗಳು ಈ ಹುಡುಗಿ ಬಾಯಿಬಿಟ್ಟಿರಲಿಲ್ಲ.

ಅದು ಮಾರಿಹೋಗಿದೆ ಅಂತ ನಾನು ತಿಳಿದಿದ್ದ ಗಾಡಿ. ಮಾರಿದ ದಿನ ಒಬ್ಬಟ್ಟು ಮಾಡಿದ್ದೆ.

ಅದರ ಕತೆ ಹೇಳದಿದ್ದರೆ ಮುಂದಿನದು ನಿಮಗೆ ತಿಳಿಯುವುದಿಲ್ಲ. ಮಂಡ್ಯದ ಹತ್ತಿರ ಬೇಸಾಯದ ಸಂಶೋಧನೆ ಮಾಡುವ ವಿ.ಸಿ. ಫಾರಂನಲ್ಲಿ ಒಬ್ಬರು ವಿಜ್ಞಾನಿ ಇದ್ದರು, ಬತ್ತದ ವಿಷಯ ಓದಲು ಇಟಲಿಗೆ ಹೋಗಿದ್ದವರು. ಬರುವಾಗ ಹಡಗಿನಲ್ಲಿ ಒಂದು ಮೋಟಾರ್ ಸೈಕಲ್ಲು ಹಾಕಿಸಿಕೊಂಡು ಬಂದರು. ಬತ್ತ ಕಲಿಯಲು ಅಷ್ಟು ದೂರ ಯಾಕೆ ಹೋಗಬೇಕು, ನಮ್ಮ ಮಾವನನ್ನು ಕೇಳಿದ್ದರೆ ಆಗುತ್ತಿತ್ತು ಅಂತ ಆಗ ನಾನು ಅಂದಿದ್ದೆ. ಅವರಿಗೆ ಬೇರೆ ಊರಿಗೆ ವರ್ಗವಾದಾಗ ಗಾಡಿ ನಮ್ಮ ಯಜಮಾನರ ಕೈಗೆ ಬಂತು. ಅವತ್ತಿನಿಂದ ಅವರು ನನ್ನ ಕೈಗೆ ಸಿಗಲಿಲ್ಲ. ಬೆಳಿಗ್ಗೆ ಎದ್ದರೆ ಅದಕ್ಕೆ ಸ್ನಾನ, ಆಮೇಲೆ ತಮಗೆ. ಹೊಸ ಪಂಪ್‌ಸೆಟ್ಟು ಮೊದಲ ಸಲ ನೀರು ಹಿಡಿದಾಗ ಒಂದು ತುಂಬಿದ ಸದ್ದು ಬರುತ್ತದಲ್ಲ, ಆ ಥರ ಅದರ ಸದ್ದು. ನಮ್ಮ ಎಮ್ಮೆ ಆ ಸದ್ದಿಗೆ ಹಾಲು ಬಿಡುತ್ತಿತ್ತು. ಸುಳ್ಳಲ್ಲ.

ಬಾಷಾ ಸಾಬರ ಮದುವೆಗೆ ನನ್ನನ್ನು ಹಿಂದೆ ಕೂರಿಸಿಕೊಂಡು ಮದ್ದೂರಿಗೆ ಹೋದರು. ನನ್ನದು ನೀಲಿ ಸೀರೆ, ಹೊಸದು. ಹೋಗುವಾಗ ಇಡೀ ರಸ್ತೆ ನನ್ನನ್ನೇ ನೋಡುತ್ತಿದೆ ಅನ್ನಿಸಿತು. ಬರುವಾಗ ಒಂದು ತಿರುವಿನಲ್ಲಿ ಸೆರಗು ಹಿಂದಿನ ಚಕ್ರಕ್ಕೆ ಸಿಕ್ಕಿತು. ಗದ್ದೆಯ ಕೆಸರಿಗೆ ಬಿದ್ದೆ, ಆದ್ದರಿಂದ ಉಳಿದೆ. ಮೊಣಕೈಯಲ್ಲಿ ಗಾಯದ ಗುರುತು ಈಗಲೂ ಇದೆ. ಆದರೆ ಕೆಸರಿನಲ್ಲಿ ಬಿದ್ದಿದ್ದ ಆ ಒಂದು ಗಳಿಗೆ, ಮನೆಯಲ್ಲಿ ಅತ್ತೆಯ ಹತ್ತಿರ ಬಿಟ್ಟುಬಂದಿದ್ದ ಎರಡು ವರ್ಷದ ಮಗಳು ಕಣ್ಣ ಮುಂದೆ ಬಂದಳು. ಇದನ್ನು ಮಾರಿಬಿಡಿ ಅಂತ ಅವತ್ತಿನಿಂದಲೇ ಹಿಡಿದೆ. ಅವರು ನಕ್ಕು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳೋದು ಕಲಿಯಮ್ಮಿ ಅಂದರು. ಆ ನಗುವನ್ನು ನನ್ನಿಂದ ಸಹಿಸಲಾಗಲಿಲ್ಲ.

ಅವರು ವಾರಕ್ಕೊಮ್ಮೆ ಜಗುಲಿಯ ಮೇಲೆ ಗೋಣಿತಾಟು ಹಾಸಿ ಗಾಡಿಯ ಒಂದು ಭಾಗ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದರು. ಮುಷ್ಟಿಯಷ್ಟು ದೊಡ್ಡದು. ಕಾರ್ಬೊರೇಟರು ಅಂತ. ಪೆಟ್ರೋಲಿಗೆ ಗಾಳಿ ಸೇರಿಸಿ ಇಂಜಿನ್ನಿಗೆ ಕೊಡುವುದು, ಅದಿಲ್ಲದಿದ್ದರೆ ಗಾಡಿಗೆ ಉಸಿರೇ ಇಲ್ಲ ಅಂತ ಅವರೇ ನನಗೆ ಹೇಳಿಕೊಟ್ಟಿದ್ದರು. ಹೇಳಿಕೊಡಬಾರದಿತ್ತು. ಒಂದು ದಿನ ಯಾರೋ ಪಂಪು ಕೆಟ್ಟಿದೆ ಅಂತ ಕರೆದರು, ಇವರು ಅದನ್ನು ತಾಟಿನ ಮೇಲೆ ಬಿಟ್ಟು ಹೋದರು. ನಾನು ಅದನ್ನು ಹರಿದ ನೀಲಿ ಸೀರೆಯ ತುಂಡಿನಲ್ಲಿ ಸುತ್ತಿ, ಅಟ್ಟ ಹತ್ತಿ, ಅಲ್ಲಿದ್ದ ಬಿರುಕುಬಿಟ್ಟ ಗುಡಾಣದೊಳಗೆ ಇಟ್ಟು ಮೇಲೆ ಬೇವಿನ ಸೊಪ್ಪು ತುರುಕಿ ಇಳಿದುಬಂದೆ. ಗುಡಾಣ ಅಂದರೆ ರಾಗಿ ತುಂಬುವ ದೊಡ್ಡ ಮಣ್ಣಿನ ಪಾತ್ರೆ; ಅದು ಬಿರುಕುಬಿಟ್ಟ ಮೇಲೆ ಯಾರೂ ಅದರ ತಂಟೆಗೆ ಹೋಗುತ್ತಿರಲಿಲ್ಲ.

ಅವರು ಹುಡುಕಿದರು. ಜಗುಲಿ ಗುಡಿಸಿದರು, ಒಲೆಯ ಬೂದಿ ಜರಡಿ ಹಿಡಿದರು, ಚರಂಡಿಯಲ್ಲಿ ಕೈಯಾಡಿಸಿದರು. ನಾನೂ ಜೊತೆಗೆ ಹುಡುಕಿದೆ. ಎಷ್ಟು ಶ್ರದ್ಧೆಯಿಂದ ಹುಡುಕಿದೆ ಅಂದರೆ, ಕಾಗೆ ಎತ್ತಿಕೊಂಡು ಹೋಗಿರಬಹುದು ಅಂತ ನಾನೇ ಹೇಳಿ, ತೆಂಗಿನ ಮರದ ಕಡೆ ತೋರಿಸಿ, ಅವರನ್ನು ಮರ ಹತ್ತಿಸಿದೆ. ಅದನ್ನು ನೆನೆದರೆ ಈಗಲೂ ನಗು ಬರುತ್ತದೆ, ನಕ್ಕ ಮೇಲೆ ನಾಚಿಕೆಯಾಗುತ್ತದೆ. ಒಂದು ವರ್ಷ ಹುಡುಕಿ, ಒಂದು ದಿನ ಗಾಡಿ ಎತ್ತಿನ ಗಾಡಿಯ ಮೇಲೆ ಹೋಯಿತು. ಕೊಟ್ಟುಬಿಟ್ಟೆ ಕಣಮ್ಮಿ ಅಂದರು. ಅಷ್ಟೇ. ಮುಂದಿನ ವಾರ ಕವೆಗೋಲು ಬಂತು.

ಆ ಭಾನುವಾರ ಸಿಂಚನಾ ಉಣ್ಣಲೇ ಇಲ್ಲ. ಇದೊಂದೇ ಇರಲಾರದು ಕಣಜ್ಜಿ, ತಾತ ನಿನಗೆ ಇನ್ನೇನೇನು ತಂದುಕೊಟ್ಟರು ಹೇಳು ಅಂದಳು. ನಾನು ಹೇಳುತ್ತಾ ಹೋದೆ, ಅವಳು ಟಾರ್ಚು ಹಿಡಿದು ಬರುತ್ತಾ ಹೋದಳು. ಗೋಡೆಯ ದುಂಡು ಕನ್ನಡಿ, ದಿನಾ ನಾನು ಕುಂಕುಮ ಇಟ್ಟುಕೊಳ್ಳುತ್ತಿದ್ದದ್ದು: ಅದರ ಸುತ್ತ ಇರುವ ಹೊಳೆಯುವ ಬಳೆ ಗಾಡಿಯ ದೀಪದ ಬಳೆಯಂತೆ. ಒಳಭಾಗದಲ್ಲಿ ಪುಸ್ತಕದಲ್ಲಿದ್ದ ನಂಬರೇ ಇತ್ತು. ನನ್ನ ಎಲೆಅಡಿಕೆ ಪೆಟ್ಟಿಗೆ ಗಾಡಿಯ ಪಕ್ಕಕ್ಕೆ ಕೂರುವ ಸಾಮಾನಿನ ಪೆಟ್ಟಿಗೆ. ಬೀಸುವ ಕಲ್ಲಿನ ಗೂಟಕ್ಕೆ ಅಂಗೈ ಉರಿಯದಿರಲಿ ಅಂತ ಹಾಕಿಕೊಟ್ಟ ರಬ್ಬರು, ಹ್ಯಾಂಡಲಿನದು. ಅದರ ಮೇಲೆ ಇಟಲಿಯ ಅಕ್ಷರ ಇತ್ತಂತೆ. ನನ್ನ ಅಂಗೈ ಅದನ್ನೆಲ್ಲ ಸವೆಸಿ ಒಂದೂವರೆ ಅಕ್ಷರ ಉಳಿಸಿತ್ತು. ಆಮೇಲೆ ತೊಟ್ಟಿಲ ಸರಪಳಿ. ನನ್ನ ಮಗ, ಅಂದರೆ ಇವಳಪ್ಪ, ಹುಟ್ಟಿದಾಗ ತೊಟ್ಟಿಲನ್ನು ತೊಲೆಗೆ ತೂಗುಹಾಕಲು ತಂದದ್ದು. ನಮ್ಮಪ್ಪ ಮಲಗಿದ್ದು ಮೋಟಾರ್ ಸೈಕಲ್ ಚೈನಿನ ಮೇಲಾ ಅಂತ ಅವಳು ಅಲ್ಲೇ ನೆಲಕ್ಕೆ ಕೂತು ನಕ್ಕಳು. ನನಗೆ ನಗು ಬರಲಿಲ್ಲ. ಯಾವ ಗಾಡಿಯನ್ನು ಮನೆಯಿಂದ ಓಡಿಸಿದೆ ಅಂತ ಗೆದ್ದು ಕೂತಿದ್ದೆನೋ, ಆ ಗಾಡಿಯೊಳಗೇ ನಲವತ್ತೇಳು ವರ್ಷ ಸಂಸಾರ ಮಾಡಿದ್ದೆ.

ಸಂಜೆ ಎಲ್ಲವನ್ನೂ ಬೆಡ್‌ಶೀಟಿನ ಮೇಲೆ ಸಾಲಾಗಿ ಜೋಡಿಸಿದಳು. ಫೋನಿನ ಪುಸ್ತಕ ನೋಡುತ್ತಾ ಒಂದೊಂದಕ್ಕೇ ಬೆರಳಿಟ್ಟಳು. ಕೊನೆಗೆ ಬೆರಳು ಖಾಲಿ ಜಾಗಕ್ಕೆ ಬಂದು ನಿಂತಿತು.

"ಎಲ್ಲಾ ಸಿಕ್ತು ಕಣಜ್ಜಿ. ಉಸಿರೇ ಸಿಗ್ಲಿಲ್ಲ."

ಕಾರ್ಬೊರೇಟರು. ಈಗ ಅಂಥದ್ದನ್ನು ಯಾರೂ ಮಾಡುವುದಿಲ್ಲವಂತೆ. ಹೊರದೇಶದಿಂದ ಒಂದನ್ನು ತರಿಸಿದ್ದಳು, ಬೋಲ್ಟಿನ ತೂತುಗಳ ಅಂತರ ಒಂದು ಕೂದಲೆಳೆ ಹೆಚ್ಚಾಯಿತು. ಇನ್ನೊಂದು ಕೂತಿತು, ಗಾಡಿ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಬೇರೆಯವರ ಗಾಡಿ ಎಷ್ಟೋ ಓಡಿಸಿದ್ದಾಳೆ. ಇದು ತನ್ನದು, ತಾತನದು. ಬಾಷಾ ಸಾಬರು ಮೈಸೂರಿಗೆ ಹೊರಡಲು ಹತ್ತು ದಿನ ಇತ್ತು. ಅಷ್ಟರೊಳಗೆ ಸದ್ದು ಕೇಳಿಸುತ್ತೇನೆ ಅಂತ ಮಾತು ಕೊಟ್ಟುಬಿಟ್ಟಿದ್ದೇನೆ ಅಜ್ಜಿ ಅಂತ ಹೇಳಿ, ಮುಖ ಆ ಕಡೆ ತಿರುಗಿಸಿದಳು.

ನಾನು ಬಾಯಿ ಬಿಡಲಿಲ್ಲ. ನೀವು ನನ್ನನ್ನು ಏನೆಂದುಕೊಂಡರೂ ಸರಿ, ಬಿಡಲಿಲ್ಲ. ಸತ್ತ ಗಂಡನಿಂದ ಕದ್ದದ್ದನ್ನು ಮೊಮ್ಮಗಳ ಮುಂದೆ ಹೇಗೆ ಹೇಳುವುದು? ಅವರು ಹೋಗಿ ಎಂಟು ವರ್ಷವಾಯಿತು. ಹೋಗುವ ತನಕ ಹೇಳಬೇಕು ಹೇಳಬೇಕು ಅಂತಲೇ ದಿನ ತಳ್ಳಿದೆ. ಆ ಗುಡಾಣದ ಕಡೆ ನಾನು ಕಣ್ಣೆತ್ತಿದವಳಲ್ಲ. ಅಟ್ಟ ಗುಡಿಸಲೂ ಬೇರೆಯವರನ್ನೇ ಹತ್ತಿಸುತ್ತಿದ್ದೆ. ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ಮಾತ್ರ ಇವರು ಎಣ್ಣೆ ಡಬ್ಬಿ, ಕುಂಕುಮ, ಸೇವಂತಿಗೆ ಹಿಡಿದು ಒಬ್ಬರೇ ಮೇಲೆ ಹೋಗುತ್ತಿದ್ದರು. ಅಲ್ಲಿ ಹಳೇ ನೇಗಿಲಿನ ಗುಳ ಇದೆ, ಅದಕ್ಕೂ ಪೂಜೆ ಆಗಬೇಡವೇ ಅನ್ನುತ್ತಿದ್ದರು. ನೇಗಿಲ ಗುಳಕ್ಕೆ ಅಷ್ಟು ಹೊತ್ತು ಏನು ಪೂಜೆ, ಪಾಯಸ ಆರಿಹೋಗುತ್ತದೆ ಅಂತ ನಾನು ಕೆಳಗಿನಿಂದ ಕೂಗುತ್ತಿದ್ದೆ. ಅವರು ಇಳಿಯುವವರೆಗೆ ಅಟ್ಟದ ಏಣಿ ಬಿಟ್ಟು ಕದಲುತ್ತಿರಲಿಲ್ಲ. ಇಳಿದು ಬಂದು, ಕೆಲಸ ಇಲ್ದೆ ಕುಂತಿರೋದಕ್ಕೂ ಒಂದು ಊವ ಇರ್ಲಿ ಕಣಮ್ಮಿ ಅಂದು ನಡುಮನೆಯ ಕಂಬಕ್ಕೆ ಒರಗಿ ನಿಲ್ಲುತ್ತಿದ್ದರು. ಊಟಕ್ಕೆ ಮೊದಲು ಹಾಗೆ ಕೈಕಟ್ಟಿ ಕಂಬಕ್ಕೆ ಒರಗುವುದು ಅವರ ಅಭ್ಯಾಸ. ಆ ಜಾಗದಲ್ಲಿ ಕಂಬ ನುಣ್ಣಗಾಗಿದೆ.

ಆ ರಾತ್ರಿ ಮುದ್ದೆ ಮುಟ್ಟದೆ ತಟ್ಟೆ ಸರಿಸಿದೆ. ಸಿಂಚನಾ ಕವೆಗೋಲು ಒಯ್ದದ್ದಕ್ಕೆ ಸಿಟ್ಟು ಬಂದಿದೆ ಅಂತ ಭಾಗ್ಯ ತಿಳಿದಳು. ಮಾರನೆಯ ದಿನ ತಾನೇ ಮರದ ಕವೆ ತಂದುಕೊಟ್ಟಳು, ಪಾಪ.

ನಾಲ್ಕನೆಯ ದಿನ ಸಿಂಚನಾ ನನ್ನನ್ನು ಮದ್ದೂರಿಗೆ ಕರೆದುಕೊಂಡು ಹೋದಳು. ಅವಳು ಇನ್ನೂ ಬಾಷಾ ಸಾಬರ ಶೆಡ್ಡಿನಲ್ಲೇ ಇಟ್ಟು ಜೋಡಿಸುತ್ತಿದ್ದ ಗಾಡಿ ನಿಂತಿತ್ತು, ನನ್ನ ಕವೆಗೋಲಿನ ಮೇಲೆಯೇ. ನನ್ನ ಪಾದ ಊರುತ್ತಿದ್ದ ಪಟ್ಟಿಗಳನ್ನು ನೆಲಕ್ಕೆ ಊರಿಕೊಂಡು, ಕೆಂಪು ಟ್ಯಾಂಕು ಹೊಳೆಯಿಸಿಕೊಂಡು. ದೀಪಕ್ಕೆ ನನ್ನ ಕನ್ನಡಿಯ ಬಳೆ. ನಾನು ಸೆರಗು ಬಿಗಿಹಿಡಿದೆ, ಅಭ್ಯಾಸಬಲ.

ಬಾಷಾ ಸಾಬರು ಸ್ಟೂಲು ಹಾಕಿಸಿ ಕೂರಿಸಿದರು. ಹಳೆಯದನ್ನೆಲ್ಲ ಮಾತಾಡಿದರು. ತಮ್ಮ ಮದುವೆಯಲ್ಲಿ ನಾನು ಎಷ್ಟು ಉಂಡೆ ಅನ್ನುವುದೂ ಅವರಿಗೆ ನೆನಪಿದೆ. ಆಮೇಲೆ ಟ್ಯಾಂಕಿನ ಮೇಲೆ ಅಂಗೈ ಇಟ್ಟು ಹೇಳಿದರು:

"ಒಂದು ವರ್ಸ ಉಡುಕಿದ್ರು ಅಕ್ಕಾರೆ ಅವ್ರು. ಅದೊಂದು ಸಾಮಾನಿಗೆ ಮೈಸೂರು, ಬೆಂಗಳೂರು ಎಲ್ಲಾ ಅಲೆದ್ರು. ಆಮೇಲೆ ಒಂದಿನ ಇದ್ನ ಇಲ್ಲಿಗೆ ತಂದು ಬುಟ್ರು. ಮಾರ್ಬ್ಯಾಡ ಬಾಷಾ, ನಮ್ಮನೆಯವರು ಯಾರಾರ ಕೇಳ್ಕಂಡು ಬಂದ್ರೆ ಕೊಡು ಅಂದ್ರು. ಆ ಸಾಮಾನು ಸಿಗ್ಲೇ ಇಲ್ವಾ ಅಂದೆ. ನಕ್ರು, ಅಷ್ಟೆಯಾ."

ಆ ನಗು ಏನೆಂದು ಆಗಲೇ ನನಗೆ ತಿಳಿಯಬೇಕಿತ್ತು. ತಿಳಿಯಲಿಲ್ಲ. ನನಗೆ ಕೇಳಿಸಿದ್ದು ಒಂದೇ, ಒಂದು ವರ್ಷ ಅಲೆದದ್ದು. ತೆಂಗಿನ ಮರ ಹತ್ತಿಸಿದ್ದು ನೆನಪಾಯಿತು. ಬಾಯಿ ತಾನಾಗಿ ತೆರೆಯಿತು.

"ನಾನೇ ಕದ್ದಿದ್ದು," ಅಂದೆ.

ಸಿಂಚನಾಳ ಕೈಯಲ್ಲಿದ್ದ ಬಟ್ಟೆ ಅಲ್ಲೇ ನಿಂತಿತು. ಪೂರ್ತಿ ಹೇಳಿದೆ, ಗುಡಾಣ, ನೀಲಿ ತುಂಡು, ಬೇವಿನ ಸೊಪ್ಪು, ಕಾಗೆ, ತೆಂಗಿನ ಮರ ಎಲ್ಲಾ. ಮಾತು ತೆಂಗಿನ ಮರದ ಹತ್ತಿರ ಬಂದಾಗ ಬಾಷಾ ಸಾಬರು ಹಲ್ಲಿಲ್ಲದ ಬಾಯಿ ಮುಚ್ಚಿಕೊಂಡು ತಿರುಗಿ ಕೂತರು, ಭುಜ ಕುಲುಕುತ್ತಿತ್ತು. ಸಿಂಚನಾ ನಗಲಿಲ್ಲ. ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತು ಕೇಳಿದಳು.

"ಭಯ ಆಗಿತ್ತಾ ಅಜ್ಜಿ?"

ನಲವತ್ತೆಂಟು ವರ್ಷದಲ್ಲಿ ಯಾರೂ ನನ್ನನ್ನು ಆ ಪ್ರಶ್ನೆ ಕೇಳಿರಲಿಲ್ಲ. ಹೂಂ ಅಂದೆ.

ಅವಳು ಇನ್ನೊಂದು ಮಾತೂ ಹೇಳಿದಳು, ಆಸೆ ಇಟ್ಟುಕೊಳ್ಳಬೇಡ ಅಂತ. ಇಷ್ಟು ವರ್ಷ ಮಣ್ಣಿನ ಪಾತ್ರೆಯಲ್ಲಿ ಬಿದ್ದಿದ್ದರೆ ಆ ಲೋಹ ಬಿಳಿ ಪುಡಿಯಾಗಿರುತ್ತದೆ, ಒಳಗಿನ ಸಣ್ಣ ದಾರಿಗಳೆಲ್ಲ ಕಟ್ಟಿಕೊಂಡಿರುತ್ತವೆ, ಸಿಕ್ಕರೂ ಕೆಲಸಕ್ಕೆ ಬರದೇ ಇರಬಹುದು. ಅಲ್ಲಿಂದ ನೇರ ಬಸ್ಸು ಹತ್ತಿ ಮಳವಳ್ಳಿಗೆ ಬಂದೆವು.

ಅಟ್ಟಕ್ಕೆ ಅವಳು ಮೊದಲು ಹತ್ತಿದಳು. ಬೇಡ ಬೇಡ ಅಂದರೂ ಕೇಳದೆ ನಾನೂ ಹಿಂದೆಯೇ ಹತ್ತಿದೆ. ಗುಡಾಣ ಅಲ್ಲೇ ಇತ್ತು. ಅದರ ಹೊಟ್ಟೆಯ ಮೇಲೆ ಕುಂಕುಮದ ಬೊಟ್ಟು, ಒಂದರ ಮೇಲೊಂದು, ಒಣಗಿ ಹೆಪ್ಪುಗಟ್ಟಿ ಅಡಿಕೆಯಷ್ಟು ದಪ್ಪವಾಗಿತ್ತು. ನೇಗಿಲ ಗುಳ ಆ ಮೂಲೆಯಲ್ಲಿ ತುಕ್ಕು ಹಿಡಿದು ಬಿದ್ದಿತ್ತು. ಅದಕ್ಕೆ ಒಂದು ಬೊಟ್ಟೂ ಇರಲಿಲ್ಲ.

ಸಿಂಚನಾ ಕೈ ಹಾಕಿದಳು. ಬೇವಿನ ಸೊಪ್ಪಿಲ್ಲ. ಖಾಕಿ ಬಟ್ಟೆಯ ಗಂಟು ಬಂತು, ಎಣ್ಣೆ ಕುಡಿದು ಭಾರವಾಗಿತ್ತು. ನಾನು ಇಟ್ಟದ್ದು ನೀಲಿ ಬಟ್ಟೆಯಲ್ಲಿ. ಇದು ಖಾಕಿ. ಟಾರ್ಚಿನ ಬೆಳಕಿಗೆ ಹಿಡಿದಳು, ಅದು ಅಂಗಿಯ ಮುಂಭಾಗ, ಜೇಬಿತ್ತು. ಜೇಬಿನ ಮೂಲೆಯಲ್ಲಿ ಕೆಂಪು ದಾರದ ಹೊಲಿಗೆ.

ಆ ಹೊಲಿಗೆ ನನ್ನದು. ಖಾಕಿ ದಾರ ಮುಗಿದಿತ್ತು, ಕೆಂಪಿನಲ್ಲೇ ಹಾಕಿಕೊಟ್ಟಿದ್ದೆ. ಮುದುಕನಿಗೆ ಜೇಬಲ್ಲಿ ಕುಂಕುಮ ಅಂತ ಹಾಸ್ಯವನ್ನೂ ಮಾಡಿದ್ದೆ. ಅವರು ಹೋಗುವುದಕ್ಕೆ ಎರಡು ವರ್ಷ ಮೊದಲು ಹಾಕಿಕೊಳ್ಳುತ್ತಿದ್ದ ಅಂಗಿ ಅದು. ಎಲ್ಲಿ ಹೋಯಿತು ಅಂತ ಒಗೆಯುವವಳನ್ನು ಬೈದಿದ್ದೆ.

ಗುಡಾಣವನ್ನೇ ತಬ್ಬಿ ಕೂತೆ. ಸಿಂಚನಾ ಗಂಟು ಬಿಚ್ಚಿದಳು. ಒಳಗೆ ಅದು ಹೊಸದಾಗಿ ತೊಳೆದ ಹಾಗೆ ಹೊಳೆಯುತ್ತಿತ್ತು, ಪಕ್ಕದಲ್ಲಿ ಅಚ್ಚೊತ್ತಿದ ಅಂಕಿ ಕಣ್ಣಿಗೆ ಹೊಡೆಯುವಷ್ಟು ಸ್ಪಷ್ಟ. ಅದರ ಸಣ್ಣ ಸಣ್ಣ ಭಾಗಗಳನ್ನು ಬೇರೆ ಬೇರೆ ಪುಟ್ಟ ಗಂಟು ಕಟ್ಟಿದ್ದರು, ಮೂಗುಬೊಟ್ಟಿನಷ್ಟು ಸಣ್ಣ ಹಿತ್ತಾಳೆಯದಕ್ಕೂ ಒಂದು ಗಂಟು. ಗಂಟು ಕಟ್ಟಿದ ಚೂರುಗಳೆಲ್ಲ ನನ್ನ ನೀಲಿ ಸೀರೆಯದು.

"ತಾತಂಗೆ ಗೊತ್ತಿತ್ತು ಕಣಜ್ಜಿ," ಅಂದಳು ಸಿಂಚನಾ, ಮೆಲ್ಲಗೆ.

ಗೊತ್ತಿತ್ತು. ಎಂದಿನಿಂದ ಅಂತ ತಿಳಿಯದು. ಹುಡುಕುವುದು ಬಿಟ್ಟ ದಿನವೇ ಇರಬೇಕು. ಸಿಕ್ಕ ದಿನ ಕೈಯಲ್ಲಿ ಹಿಡಿದು ಇಳಿದು ಬಂದು, ಗಾಡಿಗೆ ಕೂರಿಸಿ, ನನ್ನ ಮುಂದೆಯೇ ಓಡಿಸಿಕೊಂಡು ಹೋಗಬಹುದಿತ್ತು. ಇಳಿದು ಬಂದು ಗಾಡಿಯನ್ನು ಬಿಚ್ಚಿದರು. ಹೆಂಡತಿಗೆ ಭಯವಾಗಿದೆ ಅಂತ ತಿಳಿದದ್ದಕ್ಕೆ, ಭಯವಾಗಿದೆಯಾ ಅಂತ ಬಾಯಿಬಿಟ್ಟು ಕೇಳದೆ, ಹೀಗೆ ಮಾಡಿದರು. ನಾನು ಕದ್ದದ್ದನ್ನು ನನಗಾಗಿಯೇ ಕಾಯ್ದು, ವರ್ಷಕ್ಕೊಮ್ಮೆ ಎಣ್ಣೆ ಸವರಿ, ಕೆಳಗಿನಿಂದ ನಾನು ಪಾಯಸ ಆರುತ್ತದೆ ಅಂತ ಕೂಗಿದಾಗ ಬಂದೆ ಅನ್ನುತ್ತಿದ್ದರು. ಸಿಟ್ಟು ಬಂತು ನನಗೆ, ನಿಜ ಹೇಳುತ್ತೇನೆ. ಮೂವತ್ತೊಂಬತ್ತು ವರ್ಷ ನನ್ನನ್ನು ಕಳ್ಳಿಯ ಹಾಗೆ ಹೆದರಿಸಿ ಇಟ್ಟಿರಲ್ಲ, ಒಂದು ಸಲ ಗೊತ್ತು ಕಣಮ್ಮಿ ಅಂದಿದ್ದರೆ ಏನಾಗುತ್ತಿತ್ತು ಅಂತ ಗುಡಾಣಕ್ಕೇ ಬೈದೆ. ಬೈಯುತ್ತಾ ಬೈಯುತ್ತಾ ಅತ್ತೆ. ಸಿಂಚನಾ ನನ್ನ ಬೆನ್ನ ಮೇಲೆ ಕೈ ಇಟ್ಟುಕೊಂಡಿದ್ದಳು. ಎಣ್ಣೆಯ ಕೈ. ರವಿಕೆಯ ಮೇಲೆ ಐದು ಬೆರಳಿನ ಗುರುತು ಉಳಿದಿದೆ, ಒಗೆದರೂ ಹೋಗಿಲ್ಲ.

ಅದನ್ನು ಶುಚಿ ಮಾಡಲು ಹುಣಸೆಹಣ್ಣು ಕೊಡಲಾ, ಹಿತ್ತಾಳೆ ಥಳಥಳ ಅನ್ನುತ್ತದೆ ಅಂದೆ. ಹುಳಿ ತಿಂದುಹಾಕುತ್ತದೆ, ನೀನು ಇನ್ನು ಅದರ ಹತ್ತಿರ ಬರಲೇಬೇಡ ಅಂದಳು. ನ್ಯಾಯವಾದ ಮಾತು.

ಬಾಷಾ ಸಾಬರು ಹೊರಡುವುದಕ್ಕೆ ಎರಡು ದಿನ ಮೊದಲು ಗಾಡಿ ಎದ್ದಿತು. ಮೊದಲನೇ ಒದೆತಕ್ಕೆ ಏಳಲಿಲ್ಲ, ನಾಲ್ಕನೆಯದಕ್ಕೆ ಎದ್ದಿತು. ಅದೇ ಸದ್ದು, ನೀರು ಹಿಡಿದ ಪಂಪ್‌ಸೆಟ್ಟಿನ ತುಂಬಿದ ಸದ್ದು. ಬಾಷಾ ಸಾಬರು ಮಂಜು ಕಣ್ಣನ್ನು ಪೂರ್ತಿ ಮುಚ್ಚಿಕೊಂಡು ಕೇಳಿದರು. ಸಾಕು, ಆರಿಸು ಮಗಳೇ, ಪೆಟ್ರೋಲು ದಂಡ ಅಂದರು. ಆರಿಸಿದ ಮೇಲೂ ತಲೆ ತೂಗುತ್ತಲೇ ಇದ್ದರು.

ಕಾಗದಪತ್ರ ಸರಿಮಾಡಿಸಲು ಎರಡು ತಿಂಗಳು ಹಿಡಿಯಿತು. ಅದಾದ ಮೇಲೆ ನಾನೂ ಒಂದು ಸಲ ಹತ್ತಿದೆ, ಎಪ್ಪತ್ತೆರಡನೇ ವಯಸ್ಸಿನಲ್ಲಿ, ಭಾಗ್ಯ ತಲೆಯ ಮೇಲೆ ಕೈಹೊತ್ತು ನೋಡುತ್ತಿರುವಾಗ. ಸೆರಗನ್ನು ಸೊಂಟಕ್ಕೆ ಎರಡು ಸುತ್ತು ಸಿಕ್ಕಿಸಿಕೊಂಡೆ. ಆ ತಿರುವು ಬಂದಾಗ ಸಿಂಚನಾಳ ಸೊಂಟ ಎಷ್ಟು ಬಿಗಿಯಾಗಿ ಹಿಡಿದೆ ಅಂದರೆ, ಉಸಿರು ಬಿಡಜ್ಜಿ ಅಂದಳು.

ಈಗ ಭಾನುವಾರ ಭಾನುವಾರ ಅವಳು ಆ ಗಾಡಿಯಲ್ಲೇ ಬರುತ್ತಾಳೆ. ಭಾಗ್ಯ ತಂದುಕೊಟ್ಟ ಮರದ ಕವೆ ನನ್ನ ಪಾದಕ್ಕೆ ಒಗ್ಗಲಿಲ್ಲ, ಪಾತ್ರೆ ಜಾರುತ್ತದೆ, ಹಿಟ್ಟು ಗಂಟಾಗುತ್ತದೆ. ಅದಕ್ಕೆ ಅವಳೇ ಒಂದು ದಾರಿ ಕಂಡುಕೊಂಡಿದ್ದಾಳೆ. ಬಂದವಳು ಮೊದಲು ಸ್ಪ್ಯಾನರು ತೆಗೆದು ಗಾಡಿಯಿಂದ ಸ್ಟ್ಯಾಂಡು ಬಿಚ್ಚಿ, ತೊಳೆದು ನನ್ನ ಕೈಗೆ ಕೊಡುತ್ತಾಳೆ. ನಿಲ್ಲಲು ಕಾಲಿಲ್ಲದ ಗಾಡಿಯನ್ನು ಒಳಗೆ ತಳ್ಳಿಕೊಂಡು ಬಂದು ನಡುಮನೆಯ ಕಂಬಕ್ಕೆ ಒರಗಿಸುತ್ತಾಳೆ, ಕಂಬ ನುಣ್ಣಗಾದ ಆ ಜಾಗಕ್ಕೇ. ಉಂಡಾದ ಮೇಲೆ ಮತ್ತೆ ಜೋಡಿಸಿಕೊಂಡು ಗುತ್ತಲಿಗೆ ಹೊರಡುತ್ತಾಳೆ.

ಹೋದ ಭಾನುವಾರ ಹಿಟ್ಟು ತೊಳಸುತ್ತಿದ್ದೆ. ಎಸರು ಸ್ವಲ್ಪ ಹೆಚ್ಚಾಗಿ ತಡವಾಗಿತ್ತು. ಕಂಬದ ಕಡೆ ಯಾರೋ ಒರಗಿ ನಿಂತು ಕಾಯುತ್ತಿರುವ ಹಾಗೆ ಕಣ್ಣಂಚಿನಲ್ಲಿ ಕಂಡಿತು. ತಲೆ ಎತ್ತದೆ, ಕೋಲು ನಿಲ್ಲಿಸದೆ, ಹಳೇ ಅಭ್ಯಾಸಕ್ಕೆ ಅಂದುಬಿಟ್ಟೆ.

"ತಡೀರಿ, ಆಯ್ತು."